ಮನೆಬಂಡಿ ದಿನಚರಿ, ಭಾಗ 11: ಪರದೆ ಸುಳ್ಳು ಹೇಳಿದ ಸಂಜೆ

ಹೋದ ಸಲ ನಮ್ಮ ಬಂಡಿಯ ಅಡುಗೆಮನೆ ಬಗ್ಗೆ ಬರೆದಿದ್ದೆ. ಕುಕ್ಕರ್ ಎಲ್ಲಿ ಇಡ್ತೀಯ ಅಂತ ಅತ್ತೆ ಕೇಳಿದ್ದರು, ಸಾಗರದ ಗೆಳತಿಯರು ಬರೀ ಬರೆದರೆ ಸಾಲದು, ಫೋಟೋ ಹಾಕು ಅಂದಿದ್ದರು. ಫೋಟೋ ಮುಂದಿನ ಭಾಗದಲ್ಲಿ ಖಂಡಿತ. ಈ ಸಲ ಸ್ವಲ್ಪ ಗಂಭೀರ ವಿಷಯ ಇದೆ. ಅಮ್ಮ, ನೀನು ಪೂರ್ತಿ ಓದಿ ಆಮೇಲೆ ಫೋನ್ ಮಾಡು. ಅರ್ಧ ಓದಿ ಮಾಡಬೇಡ. ಯಾರಿಗೂ ಏನೂ ಆಗಿಲ್ಲ.

ಇದನ್ನು ಬರೆಯಲು ಕಾರಣ ನನ್ನ ತಮ್ಮನ ಒಂದು ವಾಯ್ಸ್ ಮೆಸೇಜ್. ಅವನು ಊರಲ್ಲಿ ಶಾಲೆ ಮಕ್ಕಳ ವ್ಯಾನ್ ಓಡಿಸೋದು ನಿಮಗೆಲ್ಲ ಗೊತ್ತು. ಮೊನ್ನೆ ಖುಷಿಯಿಂದ ಹೇಳಿದ: "ಅಕ್ಕ, ವ್ಯಾನಿಗೆ ರಿವರ್ಸ್ ಕ್ಯಾಮೆರಾ ಹಾಕ್ಸಿದೀನಿ. ಈಗ ಹಿಂದೆ ಏನಿದೆ ಅಂತ ಕೂತಲ್ಲೇ ಕಾಣ್ಸುತ್ತೆ. ಜೂನ್‌ನಿಂದ ಆಯಾ ಬೇಡ ಅಂತ ಮಾಡಿದೀನಿ, ತಿಂಗಳಿಗೆ ಐದು ಸಾವಿರ ಉಳಿಯುತ್ತೆ."

ಅವನಿಗೆ ಫೋನಿನಲ್ಲೇ ಉತ್ತರ ಕೊಟ್ಟೆ. ಅರ್ಧ ಗಂಟೆ ಮಾತಾಡಿದ ಮೇಲೆ ಅವನೇ, "ಇದನ್ನೇ ಬರಿ ಅಕ್ಕ, ನಮ್ಮ ಸ್ಟ್ಯಾಂಡಿನ ಹುಡುಗರೂ ಓದ್ಲಿ" ಅಂದ. ಅದಕ್ಕೇ ಬರೆಯುತ್ತಿದ್ದೇನೆ, ಅವನ ಮೇಲೆ ದೂರು ಹೇಳುವುದಕ್ಕಲ್ಲ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಅಮೆರಿಕದಲ್ಲಿ ಟ್ರಾವೆಲ್ ನರ್ಸ್. ಒಂದೊಂದು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 13 ವಾರದ ಕಾಂಟ್ರ್ಯಾಕ್ಟ್, ಮುಗಿದ ಮೇಲೆ ಇನ್ನೊಂದು ಊರು. ಪ್ರತಿ ಸಲ ಬಾಡಿಗೆ ಮನೆ ಹುಡುಕಿ ಸಾಕಾಗಿ ಎರಡು ವರ್ಷದ ಹಿಂದೆ ಹಳೆಯದೊಂದು ಮೋಟಾರ್‌ಹೋಮ್ ತಗೊಂಡೆವು. ಮಗಳು ಅದಕ್ಕೆ ಇಟ್ಟ ಹೆಸರು ಮನೆಬಂಡಿ. 30 ಅಡಿ ಉದ್ದ, ಸಾಮಾನು ತುಂಬಿದರೆ ಆರು ಟನ್ ದಾಟುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು ಒಳಗಿನ ಕನ್ನಡಿ ನೋಡಿದರೆ ಕಾಣೋದು ನಮ್ಮ ಮಂಚ ಮತ್ತು ಒಗೆದು ಹರವಿದ ಬಟ್ಟೆ. ಪಕ್ಕದ ಕನ್ನಡಿಗಳಲ್ಲಿ ಬಂಡಿಯ ಎರಡು ಬದಿ ಕಾಣುತ್ತದೆ, ಬೆನ್ನಿನ ಹಿಂದೆ ಏನೇನೂ ಕಾಣುವುದಿಲ್ಲ. ಅದಕ್ಕೇ ಹಿಂಭಾಗದ ನೆತ್ತಿಯಲ್ಲಿ ಒಂದು ಕ್ಯಾಮೆರಾ, ಸ್ಟೇರಿಂಗ್ ಪಕ್ಕ ಏಳು ಇಂಚಿನ ಒಂದು ಪರದೆ. ನಡುವೆ ವೈರ್ ಇಲ್ಲ, ಚಿತ್ರ ಗಾಳಿಯಲ್ಲೇ ಬರುತ್ತದೆ.

ಈಗ ಆ ಸಂಜೆಯ ವಿಷಯ. ಅರಿಜೋನಾದ ಟ್ಯೂಸಾನ್ ಹತ್ತಿರ ಒಂದು ಆರ್‌ವಿ ಪಾರ್ಕಿನಲ್ಲಿ ಇಳಿದಿದ್ದೆವು. ಬಂಡಿ ನಿಲ್ಲಿಸಿದ ಮೇಲೆ ನೋಡಿದರೆ ಕೊಳೆನೀರಿನ ಪೈಪು ಐದಾರು ಅಡಿ ಸಾಲಲಿಲ್ಲ. ಸ್ವಲ್ಪ ಹಿಂದೆ ತಗೋಬೇಕು, ಅಷ್ಟೇ. ದಿನಾ ಇವರು ಹಿಂದೆ ನಿಂತು ಕೈ ತೋರಿಸುತ್ತಾರೆ. ಆ ಹೊತ್ತಿಗೆ ಸರಿಯಾಗಿ ಒಳಗೆ ಮಗಳು ಅತ್ತಳು, ಇವರು ಹೋದರು. ನಾನು, ಐದು ಅಡಿ ತಾನೇ, ಕ್ಯಾಮೆರಾ ಇದೆಯಲ್ಲ ಅಂದುಕೊಂಡು ಸೀಟಿನಲ್ಲಿ ಕೂತೆ. 12 ತಾಸಿನ ಡ್ಯೂಟಿ ಮುಗಿಸಿ ಬಂದಿದ್ದೆ, ಬೇಗ ಸ್ನಾನ ಮಾಡಬೇಕಿತ್ತು.

ಪರದೆಯಲ್ಲಿ ಜಲ್ಲಿಕಲ್ಲಿನ ನೆಲ, ಒಂದು ಮರದ ಬೆಂಚು, ನಮ್ಮ ನೀಲಿ ಬಕೆಟ್. ಬೇರೆ ಯಾರೂ ಇಲ್ಲ. ರಿವರ್ಸ್ ಹಾಕಿ ಬ್ರೇಕಿನಿಂದ ಕಾಲು ಸಡಿಲಿಸಿದೆ. ಬಂಡಿ ಒಂದು ಗೇಣು ಸರಿದಿರಬೇಕು. ಪಕ್ಕದ ಸೈಟಿನ ಅಜ್ಜಿ ಕಿರುಚಿದ್ದು, ನಮ್ಮ ಬಂಡಿಯ ಗೋಡೆಗೆ ಎರಡೂ ಕೈಯಲ್ಲಿ ಬಡಿದಿದ್ದು ಕೇಳಿಸಿತು. ಬ್ರೇಕ್ ತುಳಿದೆ.

ಇಳಿದು ಹಿಂದೆ ಓಡಿದೆ. ಆ ಅಜ್ಜಿಯ ಮೊಮ್ಮಗಳು, ಮೂರು ವರ್ಷ ಇರಬಹುದು, ನಮ್ಮ ಬಂಪರಿನಿಂದ ಎರಡು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ಬಣ್ಣದ ಚಾಕ್‌ನಿಂದ ಕಲ್ಲುಗಳಿಗೆ ಬಣ್ಣ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಒಂದು ಕಲ್ಲು ಕೊಟ್ಟಳು. ಅದು ಈಗಲೂ ನನ್ನ ಡ್ಯಾಶ್‌ಬೋರ್ಡ್ ಮೇಲಿದೆ.

ನಡುಗುವ ಕಾಲಲ್ಲಿ ವಾಪಸ್ ಬಂದು ಪರದೆ ನೋಡಿದೆ. ಜಲ್ಲಿಕಲ್ಲು, ಬೆಂಚು, ನೀಲಿ ಬಕೆಟ್. ಮಗುವೂ ಇಲ್ಲ, ಮಗುವನ್ನು ಎತ್ತಿಕೊಂಡು ನಿಂತಿದ್ದ ಅಜ್ಜಿಯೂ ಇಲ್ಲ. ಆಗ ಹೊಳೆಯಿತು. ಆ ಬಕೆಟ್ ಅಲ್ಲಿಲ್ಲ, ಇವರು ಹತ್ತು ನಿಮಿಷದ ಹಿಂದೆಯೇ ಅದನ್ನು ನಲ್ಲಿ ಹತ್ತಿರ ಇಟ್ಟಿದ್ದರು! ನಾನು ನೋಡುತ್ತಿದ್ದುದು ಹತ್ತು ನಿಮಿಷ ಹಳೆಯ ಚಿತ್ರ.

ಕೆಲವು ಪರದೆಗಳು ಕ್ಯಾಮೆರಾದ ಸಂಪರ್ಕ ತಪ್ಪಿದ ತಕ್ಷಣ ಕಪ್ಪಾಗುತ್ತವೆ, ಇಲ್ಲವೇ "ನೋ ಸಿಗ್ನಲ್" ಅಂತ ಬರೆಯುತ್ತವೆ. ನಮ್ಮದು ಕೊನೆಯ ಚಿತ್ರವನ್ನೇ ಹಿಡಿದುಕೊಂಡು ಕೂತಿತ್ತು. ಕಪ್ಪು ಪರದೆ ಕಂಡಿದ್ದರೆ ನಾನು ಖಂಡಿತ ಇಳಿದು ನೋಡುತ್ತಿದ್ದೆ. ನನಗೆ ಏನೂ ಕಾಣುತ್ತಿಲ್ಲ ಅಂತ ಹೇಳುವ ಯಂತ್ರದಿಂದ ಅಪಾಯ ಕಡಿಮೆ. ಎಲ್ಲ ಕಾಣುತ್ತಿದೆ ಅಂತ ನಂಬಿಸುವ ಯಂತ್ರ ಕೊಲ್ಲಬಹುದು.

ಐಸಿಯುನಲ್ಲಿ ಕೆಲಸ ಮಾಡುವ ನನಗೆ ಇದು ಹೊಸ ಪಾಠ ಆಗಬಾರದಿತ್ತು. ನರ್ಸಿಂಗ್ ಶಾಲೆಯಲ್ಲೇ ಕಲಿಸುತ್ತಾರೆ: ರೋಗಿಯನ್ನು ನೋಡು, ಮಾನಿಟರನ್ನಲ್ಲ. ಎದೆಗೆ ಅಂಟಿಸಿದ ಲೀಡ್ ಕಳಚಿದರೆ ಪರದೆಯಲ್ಲಿ ನೇರ ಗೆರೆ ಬಂದು ಅಲಾರಂ ಕೂಗುತ್ತದೆ. ನಾವು ಓಡಿಹೋದರೆ ರೋಗಿ ಸೇಬು ತಿನ್ನುತ್ತಾ ಟಿವಿ ನೋಡುತ್ತಿರುತ್ತಾರೆ. ಅದು ನಗುವ ವಿಷಯ. ಇದರ ಉಲ್ಟಾ ಕೂಡ ಆಗುತ್ತದೆ. ಪರದೆಯಲ್ಲಿ ಇಸಿಜಿ ಗೆರೆ ಲಯವಾಗಿ ಓಡುತ್ತಿರುತ್ತದೆ, ಕುತ್ತಿಗೆಗೆ ಬೆರಳಿಟ್ಟರೆ ನಾಡಿಯೇ ಇರುವುದಿಲ್ಲ. ಹೃದಯದಲ್ಲಿ ವಿದ್ಯುತ್ ಹರಿಯುತ್ತಿದೆ, ರಕ್ತ ಹರಿಯುತ್ತಿಲ್ಲ. ಪರದೆ ನಂಬಿ ನಿಂತರೆ ಮನುಷ್ಯ ಹೋದ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಪಾಲಿಸಿದ ಈ ನಿಯಮವನ್ನು ನನ್ನ ಮನೆಯ ಅಂಗಳದಲ್ಲಿ, ಐದು ಅಡಿಯ ಆಸೆಗೆ, ಮರೆತಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಇಬ್ಬರೂ ಕ್ಯಾಮೆರಾ ಹಿಂದೆ ಬಿದ್ದೆವು. ಹತ್ತಿರದ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, ನೋಡದೆಯೇ, "ಪೂರ್ತಿ ಸೆಟ್ ಬದಲಾಯಿಸಿ, 700 ಡಾಲರ್" ಅಂದರು. ಇವರು ಸಾಫ್ಟ್‌ವೇರಿನವರು, ಪಾರ್ಕಿನ ವೈಫೈ ಮೇಲೆ ಅನುಮಾನಪಟ್ಟರು. ಅದು ತಪ್ಪು ಅನುಮಾನ ಅಲ್ಲ. ಇಂಥ ವೈರ್‌ಲೆಸ್ ಕ್ಯಾಮೆರಾಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ತರಂಗ ಬಳಸುತ್ತವೆ, ವೈಫೈ ಕೂಡ ಅಲ್ಲೇ ಓಡಾಡುತ್ತದೆ. ನಾನು ಹೇಳಿದೆ, ಅನುಮಾನ ಆಮೇಲೆ, ಮೊದಲು ಒಂದೊಂದೇ ಪರೀಕ್ಷೆ ಮಾಡೋಣ. ಇಬ್ಬರು ರೋಗಿಗಳಿಗೆ ಒಂದೇ ಲಕ್ಷಣ ಇದ್ದರೂ ಕಾಯಿಲೆ ಬೇರೆ ಇರಬಹುದು.

ಮೊದಲನೆಯದು, ಕ್ಯಾಮೆರಾಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಪತ್ತೆ ಮಾಡಿದ್ದು. ನಮ್ಮದರಲ್ಲಿ ಅದು ನೆತ್ತಿಯ ಮೇಲಿನ ಸಣ್ಣ ಕೆಂಪು ದೀಪಗಳ ವೈರಿನಿಂದ ಬರುತ್ತದೆ. ಅಂದರೆ ಬಂಡಿಯ ಲೈಟ್ ಹಾಕಿದರೆ ಮಾತ್ರ ಕ್ಯಾಮೆರಾಕ್ಕೆ ಜೀವ. ಬಂಡಿ ತಗೊಂಡ ಹೊಸತರಲ್ಲಿ ಇದು ಗೊತ್ತಿಲ್ಲದೆ ಒಂದು ತಿಂಗಳು, ಹಗಲು ಕೆಡುತ್ತೆ, ರಾತ್ರಿ ಸರಿಯಾಗುತ್ತೆ, ಇದೇನು ದೆವ್ವದ ಕ್ಯಾಮೆರಾ ಅಂತ ಬೈದುಕೊಂಡಿದ್ದೆವು.

ಎರಡನೆಯದು, ಪರದೆಯನ್ನು ಬಿಚ್ಚಿ ಬಂಡಿಯ ಹಿಂಭಾಗಕ್ಕೆ ತಂದೆವು. ಮಂಚದ ಪಕ್ಕ 12 ವೋಲ್ಟಿನ ಸಾಕೆಟ್ ಇದೆ, ಅಲ್ಲಿಗೆ ಸಿಕ್ಕಿಸಿದೆವು. ಈಗ ಪರದೆಗೂ ಕ್ಯಾಮೆರಾಕ್ಕೂ ನಡುವೆ ನಾಲ್ಕು ಅಡಿ. ತೊಂದರೆ ವೈಫೈಯದ್ದೋ ದೂರದ್ದೋ ಆಗಿದ್ದರೆ ಇಲ್ಲಿ ಚಿತ್ರ ಸರಿಯಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತು ನಿಮಿಷಕ್ಕೆ ಮತ್ತೆ ನಿಂತಿತು. ಇವರ ವೈಫೈ ಬಿಡುಗಡೆಯಾಯಿತು.

ಮೂರನೆಯದು, ಕ್ಯಾಮೆರಾದ ವೈರ್ ಬಿಡಿಸಿ, ಮನೆಯ ಬ್ಯಾಟರಿಯಿಂದ ನೇರ ಎರಡು ವೈರ್ ಎಳೆದು, ನಡುವೆ ಒಂದು ಫ್ಯೂಸ್ ಹಾಕಿ ಕೊಟ್ಟೆವು. ಒಂದೂವರೆ ಗಂಟೆ ನೋಡಿದೆವು, ಚಿತ್ರ ಅಲುಗಲಿಲ್ಲ. ಹಾಗಾದರೆ ಕ್ಯಾಮೆರಾ ಚೆನ್ನಾಗಿದೆ, ಪರದೆ ಚೆನ್ನಾಗಿದೆ. ಬಡವಾಗಿರುವುದು ನಡುವಿನ ದಾರಿ. 700 ಡಾಲರ್ ಕೊಟ್ಟು ಹೊಸ ಸೆಟ್ ಹಾಕಿಸಿದ್ದರೆ ಅದೇ ಹಳೇ ವೈರಿಗೆ ಜೋಡಿಸುತ್ತಿದ್ದರು, ಇನ್ನೊಂದು ಸಂಜೆ ಅದೂ ನಿಲ್ಲುತ್ತಿತ್ತು.

ನಾಲ್ಕನೆಯದು ಮಲ್ಟಿಮೀಟರ್. ಕ್ಯಾಮೆರಾ ಜೋಡಿಸದೆ ಹಳೇ ವೈರಿನ ತುದಿ ಅಳೆದರೆ 12.5 ವೋಲ್ಟ್. ಸರಿಯಾಗಿದೆಯಲ್ಲ ಅಂತ ಇಲ್ಲಿಗೇ ಬಿಟ್ಟವರು ಮೋಸ ಹೋಗುತ್ತಾರೆ. ಕ್ಯಾಮೆರಾ ಜೋಡಿಸಿ ಅಳೆದರೆ 8ಕ್ಕೆ ಇಳಿಯಿತು. ಸುಮ್ಮನೆ ಮಲಗಿದವರ ಬಿಪಿ ಚೆನ್ನಾಗಿರುತ್ತದೆ, ಎದ್ದು ನಿಲ್ಲಿಸಿದರೆ ತಲೆ ತಿರುಗಿ ಬೀಳುತ್ತಾರೆ, ಹಾಗೆ. ಕೆಲಸ ಕೊಟ್ಟು ನೋಡಿದಾಗಲೇ ದೌರ್ಬಲ್ಯ ಗೊತ್ತಾಗೋದು. ಆಮೇಲೆ ಕ್ಯಾಮೆರಾದ ಅರ್ತ್ ವೈರಿನಿಂದ ಬಂಡಿಯ ಚಾಸಿಗೆ ಬೇರೆ ವೈರ್ ಮುಟ್ಟಿಸಿದೆವು, ವೋಲ್ಟೇಜ್ ತಕ್ಷಣ 12 ದಾಟಿತು. ಕಳ್ಳ ಅರ್ತ್ ಕಡೆ ಇದ್ದಾನೆ.

ಏಣಿ ಹಾಕಿ ಮೇಲಿನ ಕೆಂಪು ದೀಪ ಬಿಚ್ಚಿದಾಗ ಸಿಕ್ಕಿಬಿದ್ದ. ಅರ್ತ್ ಜಾಯಿಂಟ್ ಪೂರ್ತಿ ಹಸಿರು ಕಿಲುಬು ಹಿಡಿದಿತ್ತು, ಹಳೇ ತಾಮ್ರದ ಚೊಂಬಿನ ಹಾಗೆ. ದೀಪದ ಸುತ್ತ ಹಚ್ಚಿದ ಸೀಲೆಂಟ್ ಬಿರುಕು ಬಿಟ್ಟು ನೀರು ಇಳಿದಿತ್ತು. ಹೋದ ವರ್ಷ ನಾವು ಟೆಕ್ಸಾಸ್‌ನ ಗಾಲ್ವೆಸ್ಟನ್‌ನಲ್ಲಿ ಸಮುದ್ರದ ಪಕ್ಕವೇ ಇದ್ದೆವಲ್ಲ, ಆ ಉಪ್ಪುಗಾಳಿಯೂ ಕೆಲಸ ಮಾಡಿರಬೇಕು. ಕೊಳೆತ ತುದಿ ಕತ್ತರಿಸಿ, ಹೊಸ ಜಾಯಿಂಟ್ ಮಾಡಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ದೀಪದ ಸುತ್ತ ಹೊಸ ಸೀಲೆಂಟ್ ಹಚ್ಚಿದೆವು. ಖರ್ಚು 20 ಡಾಲರಿಗೂ ಕಡಿಮೆ. ಆಮೇಲೆ ಇವತ್ತಿನವರೆಗೆ ಚಿತ್ರ ಒಮ್ಮೆಯೂ ನಿಂತಿಲ್ಲ.

ಇಲ್ಲಿಗೆ ಕಥೆ ಮುಗಿಸಿದರೆ, ಕ್ಯಾಮೆರಾ ಕೆಟ್ಟಿತ್ತು, ರಿಪೇರಿ ಆಯಿತು, ಸುಖಾಂತ್ಯ ಅಂತ ಆಗುತ್ತದೆ. ನಾನು ಹೇಳಬೇಕಾದ್ದು ಅದಲ್ಲ. ವೈರ್ ನಾಳೆ ಮತ್ತೆ ಕಿಲುಬು ಹಿಡಿಯಬಹುದು. ಅದು ಹಿಡಿಯುವ ದಿನ ನನಗೆ ಹೇಳಿ ಹಿಡಿಯುವುದಿಲ್ಲ. ಕೆಟ್ಟಿದ್ದು ವೈರ್ ಹೌದು, ಆದರೆ ಆ ಸಂಜೆ ತಪ್ಪು ಮಾಡಿದ್ದು ನಾನು. ಕ್ಯಾಮೆರಾ ಇದೆ ಅಂತ ಹಿಂದೆ ನಿಲ್ಲುವ ಮನುಷ್ಯನನ್ನು ಬೇಡ ಅಂದುಕೊಂಡೆ.

ಹಾಗಂತ ಕ್ಯಾಮೆರಾ ದಂಡ ಅನ್ನುತ್ತಿಲ್ಲ. ಈ ದೇಶದಲ್ಲಿ ಕ್ಯಾಮೆರಾ ಕಾನೂನು ಬಂದಿದ್ದರ ಹಿಂದೆ ಒಂದು ಮಗುವಿನ ಸಾವಿದೆ. 2002ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬ ಮಕ್ಕಳ ವೈದ್ಯರು ಮನೆ ಮುಂದೆ ತಮ್ಮ ದೊಡ್ಡ ಕಾರನ್ನು ರಿವರ್ಸ್ ತೆಗೆಯುವಾಗ ಎರಡು ವರ್ಷದ ಮಗ ಹಿಂದೆ ಬಂದಿದ್ದ. ಕಾಣಲಿಲ್ಲ. ಆ ಮಗು ಕ್ಯಾಮರನ್ ಗಲ್‌ಬ್ರಾನ್‌ಸನ್ ಹೆಸರಿನಲ್ಲೇ 2008ರಲ್ಲಿ ಕಾನೂನು ಆಯಿತು. ಅದರ ನಿಯಮ ಪೂರ್ತಿ ಜಾರಿಗೆ ಬಂದಿದ್ದು 2018ರ ಮೇ 1ರಂದು. ಅಲ್ಲಿಂದ ಇಲ್ಲಿ ಮಾರುವ ಪ್ರತಿ ಹೊಸ ಕಾರಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ. ವಾಹನದ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು, ರಿವರ್ಸ್ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಬರಬೇಕು. ಒಳ್ಳೆಯ ಕಾನೂನು.

ಆದರೆ ಅದು 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್ ತೂಕದ ಮಿತಿಯೊಳಗಿನ ವಾಹನಗಳಿಗೆ ಮಾತ್ರ. ನಮ್ಮ ಮನೆಬಂಡಿ ಅದರಾಚೆ. ಸಣ್ಣ ಕಾರಿನ ಹಿಂದೆ ಕಾಣದ ಜಾಗ ಸ್ವಲ್ಪ, ಅದಕ್ಕೆ ನಿಯಮ ಇದೆ. ನಮ್ಮಂಥ ಆರು ಟನ್ ಗೋಡೆಯ ಹಿಂದೆ ಕಾಣದ ಜಾಗ ಒಂದು ಕೋಣೆಯಷ್ಟು, ಅದಕ್ಕೆ ಇಲ್ಲ. ಇಂಥ ಬಂಡಿಗಳು ನಿಲ್ಲುವುದೇ ಮಕ್ಕಳು ಸೈಕಲ್ ಹೊಡೆಯುವ ಪಾರ್ಕುಗಳಲ್ಲಿ. ಇಲ್ಲಿ ಬಂಡಿ ಓಡಿಸಲು ನನ್ನ ಕಾರಿನ ಲೈಸೆನ್ಸೇ ಸಾಕಾಯಿತು, ಬೇರೆ ಪರೀಕ್ಷೆ ಇರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆ ತೂಕದ ಮಿತಿಯನ್ನು ಮೋಟಾರ್‌ಹೋಮ್‌ಗಳಿಗೆ ತೆಗೆಯಬೇಕು. ಜೊತೆಗೆ, ಚಿತ್ರ ನಿಂತರೆ ಪರದೆ ತಕ್ಷಣ ಕಪ್ಪಾಗಲೇಬೇಕು ಅಂತ ಒಂದು ಸಾಲು ಸೇರಿಸಬೇಕು. ನಮ್ಮ ಆಸ್ಪತ್ರೆಯ ಮಾನಿಟರ್ ಲೀಡ್ ಕಳಚಿದರೆ ಕೂಗಿ ಹೇಳುತ್ತದೆ. ಬಂಡಿಯ ಪರದೆಗೂ ಅಷ್ಟು ಪ್ರಾಮಾಣಿಕತೆ ಇರಲಿ.

ಭಾರತದಲ್ಲೂ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಮಾಡಿದ್ದಾರೆ, ಬೀಪ್ ಬೀಪ್ ಅನ್ನುತ್ತದಲ್ಲ, ಅದು. ಅದೂ ಒಳ್ಳೆಯದೇ. ಆದರೆ ಕಾನೂನು, ಕ್ಯಾಮೆರಾ, ಬೀಪ್ ಎಲ್ಲ ಸೇರಿದರೂ ಇಳಿದು ನೋಡುವುದಕ್ಕೆ ಸಮ ಅಲ್ಲ. ಇಲ್ಲಿನ ಟ್ರಕ್ ಡ್ರೈವರುಗಳಿಗೆ ಕಲಿಸುವುದೂ ಇದನ್ನೇ: ಗೆಟ್ ಔಟ್ ಆಂಡ್ ಲುಕ್. ಇಳಿ, ನೋಡು. ನಾವು ಚಿಕ್ಕವರಿದ್ದಾಗ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹಿಂದೆ ತೆಗೆಯುವಾಗ ಕಂಡಕ್ಟರ್ ಇಳಿದು ಹಿಂದೆ ನಿಂತು, ಬಸ್ಸಿನ ಮೈಗೆ ತಟ್ಟುತ್ತಾ "ಬರ್ಲಿ ಬರ್ಲಿ ಬರ್ಲಿ, ಹೋಲ್ಡಾನ್" ಅಂತ ಕೂಗುತ್ತಿದ್ದದ್ದು ನೆನಪಿದೆಯಾ? ಆ ಹೋಲ್ಡಾನ್‌ಗೆ ಫ್ಯೂಸ್ ಹೋಗುವುದಿಲ್ಲ.

ಈಗ ತಮ್ಮನ ವ್ಯಾನ್. ಅವನ ವಾದವೂ ಸುಳ್ಳಲ್ಲ. ಡೀಸೆಲ್ ಏರಿದೆ, ಇನ್ಶೂರೆನ್ಸ್ ಏರಿದೆ, ಪೋಷಕರು ತಿಂಗಳ ಹಣವನ್ನು ನೂರು ರೂಪಾಯಿ ಏರಿಸಿದರೂ ಜಗಳಕ್ಕೆ ಬರುತ್ತಾರೆ. "ಆಯಾ ಅರ್ಧ ಹೊತ್ತು ಫೋನ್ ನೋಡ್ತಾ ಇರ್ತಾಳೆ ಅಕ್ಕ, ಕ್ಯಾಮೆರಾ ಫೋನ್ ನೋಡಲ್ಲ" ಅಂದ. ನಗು ಬಂತು, ನಿಜವೂ ಇರಬಹುದು. ಅದಕ್ಕೆ ನಾನು ಕೇಳಿದೆ: ಮಳೆಗಾಲದಲ್ಲಿ ನಿನ್ನ ವ್ಯಾನಿನ ಹಿಂದಿನ ಗಾಜು ಎಷ್ಟು ಹೊತ್ತು ಚೊಕ್ಕಟ ಇರುತ್ತೆ? ಜೂನ್‌ನಲ್ಲಿ ನಮ್ಮೂರ ಕೆಮ್ಮಣ್ಣು ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ನಂಬರ್ ಪ್ಲೇಟೇ ಕಾಣುವುದಿಲ್ಲ. ಕ್ಯಾಮೆರಾ ಇರುವುದು ಅದರ ಪಕ್ಕದಲ್ಲೇ.

ಇನ್ನೊಂದು ಕೇಳಿದೆ. ಆಯಾ ಮಾಡುವ ಕೆಲಸ ಹಿಂದೆ ನೋಡುವುದೊಂದೇನಾ? ಮಗುವಿನ ಕೈ ಹಿಡಿದು ಇಳಿಸುವವರು ಯಾರು? ಇಳಿದ ಮಗು ವ್ಯಾನಿನ ಮೂತಿಯ ಮುಂದೆಯೇ ರಸ್ತೆ ದಾಟಲು ಓಡಿದರೆ ತಡೆಯುವವರು ಯಾರು? ಬಿದ್ದ ನೀರಿನ ಬಾಟಲಿ ಚಕ್ರದ ಹತ್ತಿರ ಉರುಳಿ, ಅದನ್ನು ಹೆಕ್ಕಲು ಮಗು ಬಗ್ಗಿದರೆ? ನಿನ್ನ ಕ್ಯಾಮೆರಾ ನೋಡುವುದು ಒಂದು ದಿಕ್ಕು. ಮಕ್ಕಳು ಬರುವುದು ನಾಲ್ಕೂ ದಿಕ್ಕಿನಿಂದ. ಆಕೆಯ ಹತ್ತು ಕೆಲಸದಲ್ಲಿ ಒಂದನ್ನು ಅರ್ಧ ಮಾಡುವ ಪೆಟ್ಟಿಗೆ ತಂದು ಆಕೆಯನ್ನೇ ತೆಗೆಯುವುದು ಯಾವ ಲೆಕ್ಕ? ಫೋನ್ ನೋಡುತ್ತಾಳೆ ಅಂದರೆ ಕೂರಿಸಿ ಮಾತಾಡು, ಕೆಲಸ ಹೇಳಿಕೊಡು. ಆಸ್ಪತ್ರೆಯಲ್ಲೂ ಹೀಗೇ ಆಗುತ್ತದೆ. ಹೊಸ ಮಾನಿಟರ್ ಬಂತು, ಇನ್ನು ಒಬ್ಬ ನರ್ಸ್ ಸಾಕು ಅಂತ ಮೇಲಿನವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಸಾಲ ತೀರಿಸುವುದು ಮಂಚದ ಮೇಲೆ ಮಲಗಿದವರು.

ಊರಲ್ಲಿ ಕಾರಿಗೆ, ಪಿಕಪ್ಪಿಗೆ, ವ್ಯಾನಿಗೆ ಕ್ಯಾಮೆರಾ ಹಾಕಿಸಿದವರಿಗೆ ನನ್ನ ಅನುಭವದ ನಾಲ್ಕು ಮಾತು.

1. ದಿನಾ ಬೆಳಿಗ್ಗೆ ಲೆನ್ಸ್ ಒರೆಸಿ. ಒದ್ದೆ ಮೆತ್ತನೆ ಬಟ್ಟೆ ಸಾಕು. ಲೆನ್ಸಿನ ಒಳಗೇ ಮಂಜು ಕಟ್ಟಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ, ಒರೆಸಿ ಪ್ರಯೋಜನ ಇಲ್ಲ.

2. ಎಡ ಬಲ ನೋಡಿ. ಹಿಂದೆ ಒಬ್ಬರನ್ನು ಗಾಡಿಯ ಎಡಕ್ಕೆ ನಿಲ್ಲಿಸಿ. ಪರದೆಯಲ್ಲೂ ಅವರು ಎಡಕ್ಕೇ ಕಾಣಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಬಲಕ್ಕೆ ಕಂಡರೆ ಸೆಟ್ಟಿಂಗ್ ಉಲ್ಟಾ ಇದೆ, ಅವತ್ತೇ ಸರಿ ಮಾಡಿಸಿ.

3. ಚಿತ್ರ ಬರುತ್ತಿಲ್ಲ ಅಂದರೆ ಹೊಸದು ತರುವ ಮೊದಲು ಫ್ಯೂಸ್, ಆಮೇಲೆ ಪ್ಲಗ್ಗು, ಆಮೇಲೆ ಅರ್ತ್ ಜಾಯಿಂಟ್ ನೋಡಿ. ವೋಲ್ಟೇಜನ್ನು ಕ್ಯಾಮೆರಾ ಓಡುತ್ತಿರುವಾಗಲೇ ಅಳೆಯಿರಿ. ಎಲೆಕ್ಟ್ರಿಷಿಯನ್ ನೋಡದೆಯೇ ಬದಲಾಯಿಸಿ ಅಂದರೆ ಇನ್ನೊಬ್ಬರನ್ನು ಕೇಳಿ.

4. ಇದು ಎಲ್ಲಕ್ಕಿಂತ ಮುಖ್ಯ. ರಿವರ್ಸ್ ತೆಗೆಯುವ ಮೊದಲು ಹಿಂದೆ ನಿಂತವರು ಒಮ್ಮೆ ಕೈ ಬೀಸಲಿ. ಪರದೆಯಲ್ಲಿ ಕೈ ಆಡಿದರೆ ಚಿತ್ರಕ್ಕೆ ಜೀವ ಇದೆ. ಆಡದಿದ್ದರೆ ಗಾಡಿ ಅಲ್ಲೇ ಇರಲಿ. ಒಬ್ಬರೇ ಇದ್ದರೆ ಇಳಿದು ಒಂದು ಸುತ್ತು ಹಾಕಿ ಬಂದು ಹತ್ತಿ, ಪರದೆ ನಂಬಿ ಕೂರಬೇಡಿ.

ನಮ್ಮ ಮನೆಯಲ್ಲಿ ಈಗ ಈ ಕೈ ಬೀಸುವ ಕೆಲಸ ಮಗಳದ್ದು. ಅಪ್ಪನ ಹೆಗಲ ಮೇಲೆ ಕೂತು ಬೀಸುತ್ತಾಳೆ. ನಾನು ಕಿಟಕಿಯಿಂದ "ಕಂಡೆ" ಅಂತ ಕೂಗಬೇಕು, ಕೂಗದಿದ್ದರೆ ಅವಳು ಇಳಿಯುವುದಿಲ್ಲ. ಹತ್ತು ಸೆಕೆಂಡಿನ ಕೆಲಸ. ಆ ಸಂಜೆ ನಾನು ಉಳಿಸಲು ನೋಡಿದ್ದೂ ಅಷ್ಟೇ ಹೊತ್ತು.

ತಮ್ಮ ಜೂನ್‌ಗೆ ಆಯಾಳನ್ನು ಬಿಡಿಸುವುದಿಲ್ಲ ಅಂದಿದ್ದಾನೆ. ಡೀಸೆಲ್ ಖರ್ಚಿಗೆ ಏನು ಮಾಡೋದು ಅಂತಲೂ ಕೇಳಿದ್ದಾನೆ. ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವ ಪೋಷಕರು ಇದನ್ನು ಓದುತ್ತಿದ್ದರೆ ಆ ಪ್ರಶ್ನೆಗೆ ನೀವೂ ಉತ್ತರ ಕೊಡಬೇಕು. ತಿಂಗಳಿಗೆ ನೂರು ರೂಪಾಯಿ ಜಾಸ್ತಿ ಕೇಳಿದಾಗ, ಅದು ನಿಮ್ಮ ಮಗುವಿನ ಕೈ ಹಿಡಿದು ಇಳಿಸುವವರ ಸಂಬಳ ಅಂತ ನೆನಪಿಟ್ಟುಕೊಳ್ಳಿ.

ಅಮ್ಮ, ಈಗ ಫೋನ್ ಮಾಡಬಹುದು. ನಾಳೆ ನನಗೆ ರಜ. ಮುಂದಿನ ಭಾಗದಲ್ಲಿ ಅತ್ತೆಗೆ ಕುಕ್ಕರ್ ಫೋಟೋ.